ಪಾರಸೀಕ ರಾಜಕುಮಾರನ ಉತ್ತರಕಥೆ

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲಸಿರುವ ಕನ್ನಡಿಗರ ಮನೆಯ ಹುಡುಗರು ಬಿಡುವಿನ ವೇಳೆಯಲ್ಲಿ ಆಡುವ ವಿಡಿಯೊ ಆಟವೊಂದರ ವಿಷಯವಾಗಿ ಸಂಶೋಧನ ಪತ್ರಿಕೆಯಲ್ಲಿ ಲೇಖನ ಬರೆಯುವುದು ಉಚಿತವೇ ಎಂದು ಕೆಲವರಾದರೂ ಕೇಳದಿರಲಾರರು. ಶಾಸನ, ಛಂದಸ್ಸು, ಸ್ಥಳನಾಮ ಮೊದಲಾದುವಕ್ಕೆ ಮೀಸಲಾದ ಪುಟಗಳಲ್ಲಿ ಇಂತಹ ಕ್ಷುಲ್ಲಕ ವಿನೋದಕ್ಕೆ ಎಡೆ ಏಕೆ ಎಂಬುದು ಅವರ ಆಕ್ಷೇಪ. ಆದರೆ ಪ್ರಕೃತ ವಿಷಯವಾದ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟದ ಬೇರನ್ನು ಹಿಡಿದು ಹೊರಟರೆ ನಾವು ಬಂದು ನಿಲ್ಲುವುದು ಕ್ಯಾಲಿಫೋರ್ನಿಯದಲ್ಲಿಯೂ ಅಲ್ಲ, ಫ್ರಾನ್ಸಿನಲ್ಲಿಯೂ ಅಲ್ಲ. ತಾಪೀ ನದಿಯ ದಂಡೆಯಲ್ಲಿರುವ ಸೂರತ್ತಿನಲ್ಲಿ. ಈ ಮಾತು ಅತಿಶಯೋಕ್ತಿಯಲ್ಲವೆಂಬುದನ್ನು ಮುಂದೆ ತೋರಿಸಲು ಪ್ರಯತ್ನಿಸುತ್ತೇನೆ.

ಮೊದಲು ಮೂಲ ಆಟದ ವೃತ್ತಾಂತ. ಜೋರ್ಡಾನ್ ಮೆಕ್ನರ್ ಎಂಬ ಅಮೆರಿಕದ ತರುಣನು ಯೇಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ‘ಕರಾಟೆಕಾ’ ಎಂಬ ಆಟವನ್ನು ರಚಿಸಿ 1984ರಲ್ಲಿ ಹೆಸರು ಪಡೆದಿದ್ದನು. ಮರುವರ್ಷ ಅವನು ಹೊಸದೊಂದಕ್ಕೆ ಕೈಹಾಕಿದನು. ಅದು ಮುಗಿದು ಬ್ರೋಡರ್‌ಬಂಡ್ ಸಂಸ್ಥೆಯ ಮೂಲಕ ಪ್ರಕಟವಾಗುವ ವೇಳೆಗೆ 1989 ಬಂದಿದ್ದಿತು. ಕಥೆ ಸರಳ. ಸುಲ್ತಾನನು ಯುದ್ಧಕ್ಕೆ ಹೋಗಿರುವ ಸಮಯದಲ್ಲಿ ಜಾಫರನೆಂಬ ದುಷ್ಟ ವಜೀರನು ರಾಜಕುಮಾರಿಯನ್ನು ಸೆರೆಯಲ್ಲಿಟ್ಟು, ತನ್ನನ್ನು ವರಿಸಬೇಕು ಇಲ್ಲವೇ ಸಾಯಬೇಕು ಎಂದು ಒಂದು ಗಂಟೆಯ ಅವಧಿ ಕೊಡುತ್ತಾನೆ. ನೆಲಮಾಳಿಗೆಗೆ ತಳ್ಳಲ್ಪಟ್ಟ ನಾಯಕನು 60 ನಿಮಿಷಗಳೊಳಗಾಗಿ ಮುಳ್ಳುಗುಂಡಿಗಳನ್ನೂ, ಕತ್ತರಿಯಂತೆ ಮುಚ್ಚುವ ಬಾಗಿಲುಗಳನ್ನೂ, ಕಾವಲುಭಟರನ್ನೂ ದಾಟಿ ಅವಳನ್ನು ಬಿಡಿಸಬೇಕು. ಆ ಗಡಿಯಾರವು ಆಟಗಾರನ ಕೈಯ ಗಡಿಯಾರದಂತೆಯೇ ಓಡುತ್ತದೆ.

ಇಷ್ಟೇ ಆಗಿದ್ದರೆ ಈ ಆಟ ಇತರ ನೂರಾರು ಆಟಗಳಂತೆ ಮರೆತುಹೋಗುತ್ತಿತ್ತು. ಇದರ ವಿಶೇಷವು ನಾಯಕನ ನಡೆಯಲ್ಲಿದೆ. ಅಂದಿನ ಆಟಗಳ ಬೊಂಬೆಗಳು ಕೀಲುಗುದುರೆಯಂತೆ ಚಲಿಸುತ್ತಿದ್ದುವು. ಈ ರಾಜಕುಮಾರನಾದರೋ ಮೈಭಾರವುಳ್ಳ ಮನುಷ್ಯನಂತೆ ಓಡುತ್ತಾನೆ, ಅಂಚಿಗೆ ಜೋತುಬೀಳುತ್ತಾನೆ, ಎಡವಿ ತಡೆದು ನಿಲ್ಲುತ್ತಾನೆ. ಮೆಕ್ನರನು ಅನುಸರಿಸಿದ ಉಪಾಯ ಹೊಸದೇನೂ ಅಲ್ಲ. ನಟರ ಚಲನೆಯನ್ನು ಚಿತ್ರಪಟದಿಂದ ಒಂದೊಂದಾಗಿ ತೆಗೆದು ಅದರ ಮೇಲೆಯೇ ರೇಖೆಯೆಳೆಯುವ ‘ರೋಟೋಸ್ಕೋಪ್’ ಎಂಬ ಯಂತ್ರಕ್ಕೆ ಮ್ಯಾಕ್ಸ್ ಫ್ಲೈಷರನು 1915ರಲ್ಲಿಯೇ ಸ್ವಾಮ್ಯಪತ್ರಕ್ಕೆ ಅರ್ಜಿ ಹಾಕಿದ್ದನು. ಮೆಕ್ನರನು ತನ್ನ ತಮ್ಮ ಡೇವಿಡನಿಗೆ ಬಿಳಿಯ ಉಡುಪು ತೊಡಿಸಿ, ಅವನು ಓಡುವುದನ್ನೂ ನೆಗೆಯುವುದನ್ನೂ ಏರುವುದನ್ನೂ ವಿಡಿಯೊದಲ್ಲಿ ಸೆರೆಹಿಡಿದನು. ಆ ದೃಶ್ಯಗಳನ್ನು ದೂರದರ್ಶನದ ತೆರೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ಛಾಯಾಚಿತ್ರ ತೆಗೆದು, ಚಿತ್ರದ ಮೇಲೆ ಕರಿಯ ಮಸಿಯಿಂದಲೂ ಬಿಳಿಯ ಬಣ್ಣದಿಂದಲೂ ಆಕಾರವನ್ನು ಬಿಡಿಸಿ, ಅದರ ನೆರಳಚ್ಚನ್ನು ಗಣಕಯಂತ್ರಕ್ಕೆ ಊಡಿಸಿದನು. ಕತ್ತಿವರಸೆಗೆ ಆಧಾರವಾದುದು 1938ರ ರಾಬಿನ್‌ಹುಡ್ ಚಲನಚಿತ್ರದಲ್ಲಿ ಎರೋಲ್ ಫ್ಲಿನ್ನನೂ ಬೇಸಿಲ್ ರಾಥ್‌ಬೋನನೂ ಪಕ್ಕದಿಂದ ಕಾಣಿಸಿಕೊಳ್ಳುವ ಕೆಲವೇ ಕ್ಷಣಗಳ ಕಾಳಗ. ಸಂಗೀತ ಒದಗಿಸಿದವನು ಮೆಕ್ನರನ ತಂದೆ. ಅಂತೂ ಜಗತ್ತಿಗೆ ‘ಪಾರಸೀಕ ರಾಜಕುಮಾರ’ನಾಗಿ ಪರಿಚಿತನಾದವನು ನ್ಯೂಯಾರ್ಕಿನ ಬಳಿಯ ಒಬ್ಬ ಶಾಲಾಬಾಲಕ! ಪರ್ಷಿಯಾ ಅಲ್ಲಿ ಇದ್ದುದು ಮುಂಡಾಸಿನಲ್ಲಿಯೂ ಕಮಾನಿನಲ್ಲಿಯೂ ಮಾತ್ರ.

ಆ ಆಟದಲ್ಲಿ ಒಂದು ಪ್ರಸಂಗವಿದೆ. ನಾಯಕನು ಮಾಯಾಕನ್ನಡಿಯೊಂದನ್ನು ಒಡೆದು ಹಾರಿದಾಗ ಅದರೊಳಗಿನಿಂದ ಅವನದೇ ಛಾಯೆ ಹೊರಬಿದ್ದು ಓಡಿಹೋಗುತ್ತದೆ. ಮುಂದೆ ಅವನಿಗೆ ಬರಬೇಕಾದ ಮದ್ದನ್ನು ಕುಡಿಯುತ್ತದೆ, ಬಾಗಿಲನ್ನು ಮುಚ್ಚುತ್ತದೆ. ಇದು ತತ್ತ್ವಚಿಂತನೆಯಿಂದ ಹುಟ್ಟಿದ ಪಾತ್ರವಲ್ಲ. ಯಂತ್ರದ ಸ್ಮೃತಿಕೋಶ ತುಂಬಿಹೋಗಿ, ಹೊಸ ಶತ್ರುವಿನ ಚಿತ್ರಗಳಿಗೆ ಸ್ಥಳವಿಲ್ಲದಿದ್ದ ಕಾರಣ, ನಾಯಕನ ಚಿತ್ರಗಳನ್ನೇ ಒಂದಿಷ್ಟು ಜರುಗಿಸಿ ತನ್ನೊಡನೆ ತಾನೇ ಬೆರಸಿ ಮಿನುಗುವ ಆಕೃತಿಯೊಂದನ್ನು ಪಡೆದರು. ಬಡತನದಿಂದ ಹುಟ್ಟಿದ ಈ ಪಾತ್ರವೇ ಆಟದ ಅತ್ಯುತ್ತಮ ಭಾಗವಾಯಿತು. ಕೊನೆಯಲ್ಲಿ ಛಾಯೆ ಕತ್ತಿ ಹಿರಿದು ಎದುರಿಗೆ ನಿಲ್ಲುತ್ತದೆ. ಅದನ್ನು ಹೊಡೆದರೆ ತನ್ನದೇ ಪ್ರಾಣ ಕುಗ್ಗುತ್ತದೆ. ಮಾರ್ಗ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ನಿರಾಯುಧನಾಗಿ ಮುಂದೆ ನಡೆಯುವುದು. ಆಗ ಎರಡೂ ಒಂದಾಗುತ್ತವೆ. ಹೊಡೆದಾಟದ ಆಟವೊಂದು ಹೊಡೆಯದಿರುವುದನ್ನೇ ಬಿಡಿಸಬೇಕಾದ ಒಗಟನ್ನಾಗಿ ಮಾಡಿದ್ದು ಆ ಕಾಲಕ್ಕೆ ಅಪೂರ್ವ.

ಹೆಸರಾದ ಕೃತಿಗೆ ಉತ್ತರಕಥೆ ಬರೆಯುವವನು ಎದುರಿಸುವ ಕಷ್ಟ ನಮಗೆ ಹೊಸದಲ್ಲ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ಲೇಖನಿಯನ್ನು ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರ್ತಿಮಾಡಿದನು. ತಿಮ್ಮಣ್ಣನನ್ನು ಓದುವಾಗ ಷಟ್ಪದಿ ಅದೇ, ಕಥೆ ಅದೇ, ಆದರೂ ಏನೋ ಒಂದು ಕೈತಪ್ಪಿಹೋಗಿದೆ ಎಂದು ಎಲ್ಲರಿಗೂ ತೋರುತ್ತದೆ. ಬಾಣನ ಕಾದಂಬರಿಯನ್ನು ಅವನ ಮಗನು ಮುಗಿಸಿದುದರ ವಿಷಯದಲ್ಲಿಯೂ ರಸಿಕರ ಅಭಿಪ್ರಾಯ ಹೀಗೆಯೇ. ಇನ್ನು ವಡೋದರೆಯಲ್ಲಿರುವ ನಮ್ಮವರಿಗೆ ಈ ಪ್ರಶ್ನೆ ಮನೆಯಂಗಳದ್ದೇ. ಅಲ್ಲಿಯ ಪ್ರಾಚ್ಯವಿದ್ಯಾಮಂದಿರವು ವಾಲ್ಮೀಕಿ ರಾಮಾಯಣದ ಪರಿಷ್ಕೃತ ಆವೃತ್ತಿಯನ್ನು 1960ರಲ್ಲಿ ಆರಂಭಿಸಿ 1975ರಲ್ಲಿ ಉತ್ತರಕಾಂಡದೊಡನೆ ಮುಗಿಸಿತು. ಉತ್ತರಕಾಂಡವು ಮೂಲಕ್ಕೆ ಸೇರಿದುದೇ, ಬಳಿಕ ಬೆಳೆದುದೇ ಎಂಬುದು ವಿದ್ವಾಂಸರ ದೀರ್ಘಕಾಲದ ಚರ್ಚೆ. ಆದರೂ ಸೀತೆಯ ಪರಿತ್ಯಾಗವಿಲ್ಲದ ರಾಮಾಯಣವನ್ನು ಜನ ಈಗ ಊಹಿಸಿಕೊಳ್ಳಲಾರರು. ಉತ್ತರಕಥೆಯು ಕೆಲವೊಮ್ಮೆ ಮೂಲದ ಅರ್ಥವನ್ನೇ ತಿದ್ದಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ರಾಜಕುಮಾರನ ಉತ್ತರಕಥೆಗಳು ಹಲವು. 1993ರ ಎರಡನೆಯ ಭಾಗವನ್ನೂ 1999ರ ಮೂರನೆಯದನ್ನೂ ಇಲ್ಲಿ ಬಿಡಬಹುದು. ಮುಖ್ಯವಾದುದು 2003ರಲ್ಲಿ ಉಬಿಸಾಫ್ಟ್ ಸಂಸ್ಥೆಯ ಮಾಂಟ್ರಿಯಲ್ ಶಾಖೆ ಹೊರತಂದ ‘ಸ್ಯಾಂಡ್ಸ್ ಆಫ್ ಟೈಮ್’, ಎಂದರೆ ಕಾಲದ ಮರಳು. ಇದರ ಕಥೆಯನ್ನು ಮೆಕ್ನರನೇ ಬರೆದನು. ನಮಗೆ ಗಮನಾರ್ಹವಾದ ಸಂಗತಿಯೆಂದರೆ, ಈ ಕಥೆ ಮೊದಲಾಗುವುದು ಭಾರತದಲ್ಲಿ. ಪಾರಸೀಕ ರಾಜನಾದ ಶಹರಮಾನನ ಸೈನ್ಯ ಭಾರತದ ಒಬ್ಬ ಮಹಾರಾಜನ ಅರಮನೆಯನ್ನು ವಜೀರನ ದ್ರೋಹದಿಂದ ಹೊಕ್ಕು ಕೊಳ್ಳೆಹೊಡೆಯುತ್ತದೆ. ರಾಜಕುಮಾರನು ತಂದೆಯ ಮೆಚ್ಚುಗೆಗಾಗಿ ಬೊಕ್ಕಸದಿಂದ ಒಂದು ಕಠಾರಿಯನ್ನು ಅಪಹರಿಸುತ್ತಾನೆ. ಮಹಾರಾಜನ ಮಗಳು ಸೆರೆಯಾಳಾಗುತ್ತಾಳೆ. ಆ ಕಠಾರಿಗೆ ಕಾಲವನ್ನು ಕೆಲವು ಕ್ಷಣ ಹಿಂದಕ್ಕೆ ಸರಿಸುವ ಶಕ್ತಿಯಿದೆ. ಹಳೆಯ ಆಟದಲ್ಲಿ ತಪ್ಪು ಹೆಜ್ಜೆಯೆಂದರೆ ಸಾವು. ಇಲ್ಲಿ ತಪ್ಪು ಹೆಜ್ಜೆಯನ್ನು ಹಿಂತೆಗೆದುಕೊಳ್ಳಬಹುದು. ಮೂಲದ ನಿಷ್ಠುರವಾದ ಗಡಿಯಾರವನ್ನು ತಲೆಕೆಳಗು ಮಾಡಿ, ಕಾಲವನ್ನೇ ಆಟಗಾರನ ಕೈಗೆ ಕೊಟ್ಟ ಈ ಯೋಚನೆ ಉತ್ತರಕಥೆಗೆ ತಕ್ಕ ಪ್ರತಿಭೆ ಎಂದೇ ನನ್ನ ಎಣಿಕೆ. ಕೊನೆಗೆ ರಾಜಕುಮಾರನು ಕಾಲವನ್ನೆಲ್ಲ ಹಿಂದಕ್ಕೆ ಹರಿಸಿ, ದಾಳಿ ನಡೆಯುವುದಕ್ಕೆ ಮೊದಲೇ ಆ ಭಾರತೀಯ ಕನ್ಯೆಯ ಅಂತಃಪುರಕ್ಕೆ ಬಂದು, ಕಠಾರಿಯನ್ನು ಅವಳಿಗೆ ಹಿಂದಿರುಗಿಸುತ್ತಾನೆ. ನಾದಿರ್ ಷಹನ ನೆನಪು ಮಾಸದ ದೇಶದವರಾದ ನಾವು ಇದನ್ನು ಹಸನ್ಮುಖದಿಂದ ಓದಬಹುದು. ಮಹಾರಾಜನ ಮಗಳ ಹೆಸರು ಮಾತ್ರ ಫರಾ! ಭಾರತದ ರಾಜಕುಮಾರಿಗೆ ಸಲ್ಲುವ ಒಂದು ಹೆಸರು ಮಾಂಟ್ರಿಯಲ್ಲಿನಲ್ಲಿ ಯಾರಿಗೂ ಹೊಳೆಯಲಿಲ್ಲವೆ?

ಇನ್ನು ಸೂರತ್ತಿನ ಮಾತು.

ಮೊಗಲರ ಕಾಲದ ಈ ಮಹಾಬಂದರಿಗೆ 1758ರಲ್ಲಿ ಆಂಕೆತಿಲ್ ದ್ಯುಪೆರೋನ್ ಎಂಬ ಫ್ರೆಂಚ್ ತರುಣನು ಬಂದಿಳಿದನು. ಅವನಿಗೆ ಬೇಕಾಗಿದ್ದುದು ಹತ್ತಿಬಟ್ಟೆಯೂ ಅಲ್ಲ, ನೀಲಿಯೂ ಅಲ್ಲ. ಜರತುಷ್ಟ್ರನ ಧರ್ಮಗ್ರಂಥವಾದ ಅವೆಸ್ತಾ. ಇರಾನಿನಿಂದ ಬಂದು ಗುಜರಾತಿನ ಕರಾವಳಿಯಲ್ಲಿ ನೆಲಸಿದ ಪಾರ್ಸಿ ಜನರ ಪುರೋಹಿತರು ಅದನ್ನು ಕಾಪಾಡಿಕೊಂಡು ಬಂದಿದ್ದರು. ಸೂರತ್ತಿನ ಪಾರ್ಸಿಗಳು ಆಗ ಪಂಚಾಂಗದ ವಿವಾದದಿಂದ ಕದ್ಮಿ, ಶಹೆನ್‌ಶಾಹಿ ಎಂಬ ಎರಡು ಪಂಗಡಗಳಾಗಿ ಒಡೆದಿದ್ದರು. ಕದ್ಮಿ ಪಕ್ಷದ ದಸ್ತೂರ್ ದಾರಾಬನು ಈ ಪರದೇಶಿಯನ್ನು ಶಿಷ್ಯನಾಗಿ ಸ್ವೀಕರಿಸಿದನು. ಮೂರು ವರ್ಷಗಳ ವ್ಯಾಸಂಗದ ಬಳಿಕ 1761ರಲ್ಲಿ ಸೂರತ್ತನ್ನು ಬಿಟ್ಟ ಆಂಕೆತಿಲನು ಸುಮಾರು 180 ಹಸ್ತಪ್ರತಿಗಳೊಡನೆ ಪ್ಯಾರಿಸನ್ನು ಸೇರಿ, 1771ರಲ್ಲಿ ಅವೆಸ್ತದ ಮೊದಲ ಯುರೋಪೀಯ ಅನುವಾದವನ್ನು ಪ್ರಕಟಿಸಿದನು. ವಿಲಿಯಂ ಜೋನ್ಸನಂತಹ ಪಂಡಿತನು ಕೂಡ ಇದು ಕೃತಕವೆಂದು ಜರೆದನು. ಕಾಲಕ್ರಮದಲ್ಲಿ ಆಂಕೆತಿಲನ ಶ್ರಮವೇ ಗೆದ್ದಿತು. ಅದಕ್ಕೆ ಮೊದಲು ಪಶ್ಚಿಮದವರಿಗೆ ಪ್ರಾಚೀನ ಪರ್ಷಿಯಾ ಎಂದರೆ ಗ್ರೀಕರು ಹೇಳಿದಷ್ಟು ಮತ್ತು ‘ಸಾವಿರದ ಒಂದು ರಾತ್ರಿಗಳು’ ಹೇಳಿದಷ್ಟು. ಮೆಕ್ನರನ 1989ರ ಆಟ ಈ ಎರಡನೆಯ ಬಗೆಯದು: ಸುಲ್ತಾನ, ವಜೀರ, ನೆಲಮಾಳಿಗೆ. ಆದರೆ ಅದರ ಈಚಿನ ಉತ್ತರಕಥೆಗಳು ಅವೆಸ್ತಾ ಮತ್ತು ಶಾಹನಾಮೆಯ ಪರ್ಷಿಯಾದ ಕಡೆಗೆ ತಿರುಗಿದುವು. ಪಶ್ಚಿಮಕ್ಕೆ ಅವೆಸ್ತದ ಬಾಗಿಲು ತೆರೆದದ್ದು ಸೂರತ್ತಿನಲ್ಲಿ.

2008ರ ಆಟದಲ್ಲಿ ಅಹುರ ಮಜ್ದ, ಅಹ್ರಿಮಾನರು ನೇರವಾಗಿ ಕಾಣಿಸಿಕೊಂಡರು. ಅಹ್ರಿಮಾನನನ್ನು ಮರದೊಳಗೆ ಬಂಧಿಸಿ, ಆ ಕಾರ್ಯದಲ್ಲಿ ಪ್ರಾಣಬಿಟ್ಟ ಎಲಿಕಾ ಎಂಬ ಕನ್ಯೆಯನ್ನು ಬದುಕಿಸುವ ಆಸೆಯಿಂದ ನಾಯಕನು ತಾನೇ ಅಹ್ರಿಮಾನನನ್ನು ಮತ್ತೆ ಬಿಡುಗಡೆ ಮಾಡುತ್ತಾನೆ! ಕಥೆಯ ದೃಷ್ಟಿಯಿಂದ ಇದು ದಿಟ್ಟತನ. ಆದರೆ ಸೂರತ್ತಿನಲ್ಲಿ ಬಾಳುವವನು ಇದನ್ನು ಬರಿಯ ಕಥೆಯೆಂದು ಕಡೆಗಣಿಸಲಾರನು. ಈ ನಗರದಲ್ಲಿ 1823ರಲ್ಲಿ ಪ್ರತಿಷ್ಠಿತವಾದ ಎರಡು ಆತಶ್ ಬೆಹ್ರಾಮ್‌ಗಳಿವೆ, ಎಂದರೆ ಅತ್ಯುಚ್ಚ ದರ್ಜೆಯ ಅಗ್ನಿಮಂದಿರಗಳು. ಒಂದು ಶಹೆನ್‌ಶಾಹಿಗಳದು, ಒಂದು ಕದ್ಮಿಗಳದು. ಭಾರತದಲ್ಲಿ ಇಂತಹವು ಒಟ್ಟು ಎಂಟೇ. ಆಟದವರಿಗೆ ಸತ್ತುಹೋದ ಪುರಾಣವೆನಿಸಿದ ದೈವ ಇಲ್ಲಿ ನೆರೆಮನೆಯವರ ನಿತ್ಯಪ್ರಾರ್ಥನೆ.

ಈಗ ‘ಲಾಸ್ಟ್ ಕ್ರೌನ್’ ಎಂಬ ಉತ್ತರಕಥೆಗೆ ಬರೋಣ. ಇದನ್ನು ಉಬಿಸಾಫ್ಟ್ ಸಂಸ್ಥೆಯ ಫ್ರಾನ್ಸಿನ ಮಾಂಪೆಲಿಯೇ ಶಾಖೆ ರಚಿಸಿ 2024ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಇದರಲ್ಲಿ ಆಟಗಾರನು ರಾಜಕುಮಾರನಲ್ಲ; ಅವನ ಅಂಗರಕ್ಷಕರಾದ ‘ಅಮರ’ರಲ್ಲಿ ಕಿರಿಯವನಾದ ಸರ್ಗೋನ್. ಹತ್ತು ಸಾವಿರ ಜನರ ಇಂತಹ ಪಡೆಯೊಂದು ಪಾರಸೀಕ ಸಾಮ್ರಾಟರಿಗೆ ಇದ್ದಿತೆಂದು ಹೆರೊಡೋಟಸನು ಬರೆದಿದ್ದಾನೆ. ರಾಜಕುಮಾರ ಘಸ್ಸಾನನನ್ನು ಅನಾಹಿತಾ ಎಂಬ ಸೇನಾನಿ ಅಪಹರಿಸಿ ಕಾಫ್ ಪರ್ವತಕ್ಕೆ ಒಯ್ಯುತ್ತಾಳೆ. ಅಲ್ಲಿ ಕಾಲವು ಕೆಟ್ಟುಹೋಗಿದೆ. ಒಬ್ಬನಿಗೆ ಒಂದು ದಿನ ಕಳೆದರೆ ಇನ್ನೊಬ್ಬನಿಗೆ ವರ್ಷಗಳು ಕಳೆದಿರುತ್ತವೆ. ಹಿಂದೆ ಅಲ್ಲಿ ನೆಲಸಿದ್ದ ಸಿಮುರ್ಗ್ ಎಂಬ ದಿವ್ಯಪಕ್ಷಿ ಕಾಣೆಯಾಗಿದೆ. ಅದರ ಗರಿಗಳೊಂದೊಂದರಿಂದ ಸರ್ಗೋನನು ಒಂದೊಂದು ಶಕ್ತಿ ಪಡೆಯುತ್ತಾನೆ.

ಸಿಮುರ್ಗಿನ ವಿಷಯದಲ್ಲಿ ನಮ್ಮ ಓದುಗರು ಸ್ವಲ್ಪ ನಿಲ್ಲಬೇಕು. ಅವೆಸ್ತದಲ್ಲಿ ಇದರ ಹೆಸರು ‘ಸಯೇನ’ ಪಕ್ಷಿ. ಸಮುದ್ರಮಧ್ಯದ ಸರ್ವೌಷಧ ವೃಕ್ಷವೊಂದು ಇದರ ನೆಲೆ. ಈ ಸಯೇನವೂ ವೇದದ ‘ಶ್ಯೇನ’ವೂ ಒಂದೇ ಧಾತುವಿನ ಶಬ್ದಗಳು. ಸ್ವರ್ಗದಿಂದ ಸೋಮವನ್ನು ತಂದ ಶ್ಯೇನ, ಹದ್ದಿನಾಕಾರದ ಶ್ಯೇನಚಿತಿ ಎಂಬ ಯಜ್ಞವೇದಿಕೆ, ಶಿಬಿಚಕ್ರವರ್ತಿಯ ಮುಂದೆ ಕುಳಿತ ಗಿಡುಗ, ಇವೆಲ್ಲ ನಾವು ಬಲ್ಲುವೇ. ಫಿರ್ದೌಸಿಯ ಶಾಹನಾಮೆಯಲ್ಲಿ ಬಿಳಿಗೂದಲಿನೊಡನೆ ಹುಟ್ಟಿ ತಂದೆಯಿಂದ ತ್ಯಕ್ತನಾದ ಜಾಲನನ್ನು ಸಿಮುರ್ಗ್ ತನ್ನ ಗೂಡಿನಲ್ಲಿ ಸಾಕುತ್ತದೆ. ಕಷ್ಟಕಾಲದಲ್ಲಿ ಸುಡು ಎಂದು ಗರಿ ಕೊಡುತ್ತದೆ. ಜಾಲನು ಅದನ್ನು ಸುಡುವುದು ಮಗನಾದ ರುಸ್ತುಮನ ಜನನಕಾಲದಲ್ಲಿ, ತಾಯಿಯ ಪ್ರಾಣ ಉಳಿಸಲು. ಆಟದ ಗರಿ ಇಲ್ಲಿಂದ ಬಂದುದು. ಕಾಫ್ ಪರ್ವತದಲ್ಲಿ ಸಿಮುರ್ಗನ್ನು ಅರಸಿ ಹೊರಟ ಹಕ್ಕಿಗಳಲ್ಲಿ ಮೂವತ್ತು ಮಾತ್ರ ಉಳಿದು, ‘ಸಿ ಮುರ್ಗ್’, ಮೂವತ್ತು ಹಕ್ಕಿ, ಎಂದರೆ ತಾವೇ ಎಂದು ಅರಿತ ಕಥೆ ಅತ್ತಾರ್ ಕವಿಯದು. 1989ರ ಆಟದಲ್ಲಿ ಛಾಯೆಯೊಡನೆ ಒಂದಾಗುವ ನಾಯಕನಿಗೂ ಈ ಮೂವತ್ತು ಹಕ್ಕಿಗಳಿಗೂ ಇರುವ ಸಾಮ್ಯ ಆಕಸ್ಮಿಕವಾದರೂ ಸೊಗಸಾಗಿದೆ. ಹೊಸ ಆಟದಲ್ಲಿಯೂ ಸರ್ಗೋನನು ತನ್ನದೇ ಆದ ಇನ್ನೊಂದು ರೂಪದೊಡನೆ ಕಾದಬೇಕಾಗುತ್ತದೆ. ಮೂಲವನ್ನು ಬಲ್ಲವರಿಗೆ ಇದು ಗುರುದಕ್ಷಿಣೆಯೆಂದು ತಿಳಿಯುತ್ತದೆ.

ರಚನೆಯಲ್ಲಿ ಈ ಉತ್ತರಕಥೆ ಮೂಲಕ್ಕೆ ಹಿಂದಿರುಗಿದೆ. 2003ರಿಂದ ಈ ಸರಣಿಯ ಪ್ರಮುಖ ಆಟಗಳು ಮೂರು ಆಯಾಮಗಳಲ್ಲಿ ಹರಡಿಕೊಂಡಿದ್ದರೆ, ಇದರಲ್ಲಿ ನಾಯಕನನ್ನು ಮತ್ತೆ ಪಕ್ಕದಿಂದಲೇ ನೋಡುತ್ತೇವೆ, ತೊಗಲುಬೊಂಬೆಯ ಪರದೆಯ ಮೇಲಿನಂತೆ. ಆದರೆ ದಾರಿ ಮಾತ್ರ ನೇರವಲ್ಲ. ಇಡೀ ಪರ್ವತವೇ ಒಂದು ಚಕ್ರವ್ಯೂಹ. ಇಂದು ಏರಲಾರದ ಗೋಡೆಯನ್ನು ನಾಳೆ ಗರಿಯೊಂದು ದೊರೆತ ಬಳಿಕ ಬಂದು ಏರಬೇಕು. ಎಲ್ಲಿ ಏನನ್ನು ಬಿಟ್ಟುಬಂದೆವೆಂಬುದನ್ನು ನೆನಪಿಡುವುದು ಕಷ್ಟವಾದುದರಿಂದ, ಆ ಸ್ಥಳದ ಚಿತ್ರ ತೆಗೆದು ನಕಾಶೆಗೆ ಅಂಟಿಸಿಕೊಳ್ಳುವ ಅನುಕೂಲವನ್ನು ಒದಗಿಸಿದ್ದಾರೆ. ಸಣ್ಣ ವಿಷಯವಾದರೂ ಬಹು ಜಾಣತನದ್ದು. ಪಾತ್ರಗಳ ಸಂಭಾಷಣೆಯನ್ನು ಇಂಗ್ಲಿಷಿನಲ್ಲಿಯಲ್ಲದೆ ಫಾರಸೀ ಭಾಷೆಯಲ್ಲಿಯೂ ಕೇಳಬಹುದು. ಸಂಗೀತದಲ್ಲಿ ಇರಾನಿ ಮೂಲದ ಕಲಾವಿದೆ ಮೆಂಟ್ರಿಕ್ಸ್ ಅವರ ಕೈವಾಡವಿದೆ. ಮುಂಡಾಸಿನ ಪರ್ಷಿಯಾದಿಂದ ಇದು ದೂರದ ಪ್ರಯಾಣ.

ಆದರೂ ಹೆಸರುಗಳ ವಿಷಯದಲ್ಲಿ ಗೊಂದಲ ತಪ್ಪಿಲ್ಲ. ಸರ್ಗೋನ್ ಅಕ್ಕಾಡಿನ ಅರಸನ ಹೆಸರು. ಘಸ್ಸಾನ್ ಅರಬ್ಬೀ ಹೆಸರು. ರಾಣಿ ಥೋಮಿರಿಸಳ ಹೆಸರಿನವಳು ಇತಿಹಾಸದಲ್ಲಿ ಪಾರಸೀಕರ ವಿರುದ್ಧ ಹೋರಾಡಿದ ಮಸ್ಸಗೇತರ ರಾಣಿ. ಅನಾಹಿತಾ ಎಂದರೆ ಅವೆಸ್ತದ ಜಲದೇವತೆ. ಐದನೆಯ ಯಶ್ತ್ ಅವಳ ಸ್ತುತಿ. ಇಂದಿಗೂ ಪಾರ್ಸಿಗಳು ಆವಾನ್ ತಿಂಗಳಿನ ಹಬ್ಬದಂದು ನೀರಿನ ಬಳಿಗೆ ಹೋಗಿ ಪ್ರಾರ್ಥಿಸುತ್ತಾರೆ, ಹೆಣ್ಣುಮಕ್ಕಳಿಗೆ ಆ ಹೆಸರನ್ನಿಡುತ್ತಾರೆ. ಅವಳು ಇಲ್ಲಿ ಅಪಹರಣ ಮಾಡುವ ಸೇನಾನಿ. ಕಾವೇರಿಯೆಂಬ ಹೆಸರಿನ ದಂಡನಾಯಕಿಯೊಬ್ಬಳು ಕೊಡಗಿನ ಅರಸುಮಗನನ್ನು ಕದ್ದೊಯ್ದಳೆಂದು ಯಾರಾದರೂ ಕಥೆ ಕಟ್ಟಿದರೆ ನಮಗೆ ಹೇಗೆನಿಸೀತು? ದ್ವೇಷ ಅದರಲ್ಲಿ ಇಲ್ಲದಿರಬಹುದು. ಆದರೆ ಹೆಸರಿನ ಹಿಂದೆ ಇನ್ನೂ ಉಸಿರಾಡುವ ಜನರಿದ್ದಾರೆಂಬ ಎಚ್ಚರ ಸಾಲದು. ಸಿಮುರ್ಗಿನ ವಿಷಯದಲ್ಲಿ ತೋರಿಸಿದ ಓದನ್ನು ಅವರು ಇಲ್ಲಿಯೂ ತೋರಿಸಬಹುದಾಗಿತ್ತು.

ಪರ್ಷಿಯಾದ ವೀರರನ್ನು ಹೊಸ ಮಾಧ್ಯಮಕ್ಕೆ ತರುವ ಕಾರ್ಯದಲ್ಲಿ ಗುಜರಾತಿ ಭಾಷೆಯ ಪಾರ್ಸಿಗಳು ಹಿಂದೆಯೇ ಮುಂದಾಗಿದ್ದರು. 1853ರಲ್ಲಿ ಮುಂಬಯಿಯಲ್ಲಿ ಪಾರ್ಸಿ ನಾಟಕ ಮಂಡಳಿ ಆಡಿದ ಮೊದಲ ನಾಟಕ ರುಸ್ತುಮ ಸೊಹ್ರಾಬರದೇ. ಆ ಪಾರ್ಸಿ ರಂಗಭೂಮಿಯ ಪರದೆ, ಯಂತ್ರಸಜ್ಜಿಕೆ, ಹಾಡುಗಾರಿಕೆಗಳು ಅಲೆಮಾರಿ ಕಂಪನಿಗಳ ಮೂಲಕ ಮೈಸೂರು ಸೀಮೆಯವರೆಗೆ ಹರಡಿ ಕನ್ನಡದ ಕಂಪನಿ ನಾಟಕಗಳನ್ನು ರೂಪಿಸಿದುವು. ಇದಕ್ಕೂ ಮೊದಲು ಬಿಜಾಪುರದ ಆಸ್ಥಾನದಲ್ಲಿ ಫಾರಸೀ ಚರಿತ್ರೆ ಬರೆದ ಫಿರಿಶ್ತನೂ, ಬೀದರದಲ್ಲಿ 1472ರಲ್ಲಿ ಮದರಸೆ ಕಟ್ಟಿಸಿದ ಗೀಲಾನಿನ ಮಹಮೂದ್ ಗವಾನನೂ ನಮ್ಮ ನೆಲಕ್ಕೆ ಸಂದವರು. ದಿವಾನ, ದಫ್ತರ, ದರಬಾರು, ಕಾಗದ, ಈ ಶಬ್ದಗಳಿಲ್ಲದೆ ಕನ್ನಡಿಗನು ಒಂದು ದಿನ ಕಚೇರಿ ನಡೆಸಲಾರನು. ಪರ್ಷಿಯಾ ನಮಗೆ ಎಂದೂ ಕೇವಲ ಮಾಯಾಲೋಕವಾಗಿರಲಿಲ್ಲ.

ಈ ಕಾರಣದಿಂದಲೇ 2020ರ ಸೆಪ್ಟೆಂಬರಿನಲ್ಲಿ ಬಂದ ಸುದ್ದಿ ಅನೇಕರಿಗೆ ಹರ್ಷ ತಂದಿತು. ‘ಸ್ಯಾಂಡ್ಸ್ ಆಫ್ ಟೈಮ್’ ಆಟವನ್ನು ಹೊಸದಾಗಿ ರಚಿಸುವ ಹೊಣೆಯನ್ನು ಉಬಿಸಾಫ್ಟ್ ತನ್ನ ಪುಣೆ, ಮುಂಬಯಿ ಶಾಖೆಗಳಿಗೆ ವಹಿಸಿತ್ತು. ಪುಣೆಯ ಶಾಖೆ 2008ರಿಂದಲೂ ಮುಂಬಯಿಯದು 2018ರಿಂದಲೂ ಇದ್ದುವು. ದೊಡ್ಡ ಆಟವೊಂದರ ಮುಖ್ಯ ರಚನೆ ಇವರ ಪಾಲಿಗೆ ಬಂದುದು ಅಪರೂಪ. ಭಾರತದ ಅರಮನೆಯ ಲೂಟಿಯಿಂದ ಆರಂಭವಾಗುವ ಕಥೆ ಭಾರತೀಯರ ಕೈಗೆ ಸಿಕ್ಕಿತೆಂದಾಯಿತು. ಆದರೆ ಮುಂಗಾಣಿಕೆಯ ಚಿತ್ರಗಳನ್ನು ನೋಡಿದ ಜನ ಮುಖಗಳು ನಿರ್ಜೀವವಾಗಿವೆ, ಹಳೆಯ ಕಾಲದವಂತಿವೆ ಎಂದು ಹೀಯಾಳಿಸಿದರು. 2021ರ ಜನವರಿಗೆ ಗೊತ್ತಾಗಿದ್ದ ಬಿಡುಗಡೆ ಮಾರ್ಚಿಗೆ ಹೋಯಿತು, ಆ ಬಳಿಕ ಅನಿಶ್ಚಿತವಾಯಿತು. 2022ರ ಮೇ ತಿಂಗಳಲ್ಲಿ ಕೆಲಸವನ್ನು ಮಾಂಟ್ರಿಯಲ್ಲಿಗೆ ವರ್ಗಾಯಿಸಿದರು. 2026ರ ಜನವರಿಯಲ್ಲಿ ಸಂಸ್ಥೆ ಅದನ್ನು ಪೂರ್ಣವಾಗಿ ಕೈಬಿಟ್ಟಿತು. ಮೊದಲ ಟೀಕೆ ಬಂದಾಗ ತಪ್ಪೆಲ್ಲ ಭಾರತೀಯ ಶಾಖೆಗಳದೇ ಎಂದು ಹಲವರು ತೀರ್ಪಿತ್ತಿದ್ದರು. ಮೂಲವನ್ನು ರಚಿಸಿದ ಮಾಂಟ್ರಿಯಲ್ಲಿನವರ ಕೈಯಲ್ಲಿಯೂ ಮೂರು ವರ್ಷಗಳಿಗೂ ಮೀರಿ ಇದ್ದು ಅದು ಹೊರಬರಲಿಲ್ಲವೆಂಬುದನ್ನು ಆ ತೀರ್ಪುಗಾರರು ಗಮನಿಸಿದಂತಿಲ್ಲ. ಮೂಲಕೃತಿಯನ್ನು ನೋಡಿದವರ ನೆನಪಿನಲ್ಲಿ ಅದು ಇದ್ದುದಕ್ಕಿಂತ ಸುಂದರವಾಗಿರುತ್ತದೆ. ಪುನಾರಚನೆಯು ಮೂಲದೊಡನೆ ಮಾತ್ರವಲ್ಲ, ಆ ನೆನಪಿನೊಡನೆಯೂ ಸ್ಪರ್ಧಿಸಬೇಕು.

ವಿಮರ್ಶಕರು ಮೆಚ್ಚಿದ ‘ಲಾಸ್ಟ್ ಕ್ರೌನ್’ಗೂ ಸುಖವಿರಲಿಲ್ಲ. ಮಾರಾಟ ಸಂಸ್ಥೆಯ ನಿರೀಕ್ಷೆಯನ್ನು ಮುಟ್ಟಲಿಲ್ಲವೆಂದು, ಅದೇ ವರ್ಷ ಮುಗಿಯುವುದರೊಳಗಾಗಿ ರಚನಕಾರರ ತಂಡವನ್ನು ಚದರಿಸಿ ಬೇರೆ ಬೇರೆ ಕೆಲಸಗಳಿಗೆ ಹಾಕಿದರು. ವಿಚಿತ್ರವೆಂದರೆ 1989ರ ಮೂಲ ಆಟವೂ ಮೊದಲು ಹೀಗೆಯೇ ಸೋತಿತ್ತು. ಆಪಲ್ ಯಂತ್ರದ ಕಾಲ ಮುಗಿಯುತ್ತಿದ್ದಾಗ ಬಂದ ಅದನ್ನು ಕೊಳ್ಳುವವರು ವಿರಳ. ಬೇರೆ ಯಂತ್ರಗಳಿಗೂ ಬೇರೆ ದೇಶಗಳಿಗೂ ಹೋದ ಮೇಲೆ ಅದು ಬದುಕಿತು. ನಮ್ಮಲ್ಲಿ ಬಹುಜನ ಅದನ್ನು ಕಂಡುದು ತೊಂಬತ್ತರ ದಶಕದಲ್ಲಿ, ಗಣಕಯಂತ್ರದ ತರಗತಿಗಳಲ್ಲಿಯೂ ಮೇಲಧಿಕಾರಿ ಊಟಕ್ಕೆ ಎದ್ದುಹೋದ ಕಚೇರಿಗಳಲ್ಲಿಯೂ.

ಆಟಗಳ ರಚನೆಯನ್ನು ಶಾಸ್ತ್ರವಾಗಿ ಕಲಿಸುವ ವ್ಯವಸ್ಥೆ ನಮ್ಮಲ್ಲಿಯೂ ಮೂಡಿದೆ. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಆ ವಿಷಯದ ಸ್ನಾತಕೋತ್ತರ ಶಿಕ್ಷಣವನ್ನು ನಡೆಸುವುದಕ್ಕೆ ಆರಿಸಿಕೊಂಡುದು ತನ್ನ ಬೆಂಗಳೂರಿನ ಶಾಖೆಯನ್ನು. ಅಹಮದಾಬಾದಿನ ಕನ್ನಡಿಗರ ಮನೆಯ ಹುಡುಗನೊಬ್ಬನು ಆಟ ಕಟ್ಟುವುದನ್ನು ಕಲಿಯಬೇಕೆಂದು ಈ ಸಂಸ್ಥೆಯನ್ನು ಸೇರಿದರೆ, ತನ್ನ ಊರಿನ ಸಂಸ್ಥೆಗೆ ಸೇರಿಯೂ ತಾಯ್ನಾಡಿಗೆ ಹೋಗಬೇಕಾಗುತ್ತದೆ.

ಕೊನೆಯದಾಗಿ ಒಂದು ಸಂಗತಿ. ಮೆಕ್ನರನು ಮೂಲ ಆಟದ ಕ್ರಮವಿಧಿಯನ್ನು ಬರೆದಿಟ್ಟಿದ್ದ ತಟ್ಟೆಗಳು ಬಹುಕಾಲ ಕಳೆದುಹೋಗಿದ್ದುವು. 2012ರಲ್ಲಿ ಅವನ ತಂದೆಗೆ ಮನೆಯ ಮೂಲೆಯ ಪೆಟ್ಟಿಗೆಯೊಂದರಲ್ಲಿ ಅವು ದೊರೆತುವು. ಕಾಂತಲೇಪನ ಸವೆದು ಅಕ್ಷರಗಳು ಅಳಿದುಹೋಗಿರಬಹುದೆಂಬ ಭಯವಿತ್ತು. ಬಲ್ಲವರಿಬ್ಬರು ಹಳೆಯ ಯಂತ್ರಗಳನ್ನು ಹೊತ್ತುತಂದು, ಓಲೆಗರಿಯನ್ನು ಬಿಡಿಸುವಷ್ಟು ಎಚ್ಚರದಿಂದ ಅವನ್ನು ಓದಿ ಪ್ರತಿಮಾಡಿದರು. ಮೆಕ್ನರನು ಆ ಪಾಠವನ್ನು ಯಾರು ಬೇಕಾದರೂ ನೋಡಲಿ ಎಂದು ಪ್ರಕಟಿಸಿದನು. ಛಾಯಾಪುರುಷನನ್ನು ಸೃಷ್ಟಿಸುವ ಆ ಕೆಲವು ಸಾಲುಗಳನ್ನು ಇಂದು ವಡೋದರೆಯ ವಿದ್ಯಾರ್ಥಿಯೂ ತೆರೆದು ನೋಡಬಹುದು.